ಮುತ್ತಾತ ಸತ್ತದ್ದು ಯಾವಾಗ: ವಂಶಾವಳಿ ಹುಡುಕಲು ಕಲಿಸುವ ಎರಡು ಕೋರ್ಸುಗಳ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ಸೇರಿದ ಕೋರ್ಸಿಗೆ ಐದಕ್ಕೆ ಎರಡು ಸ್ಟಾರ್. ಪುಕ್ಕಟೆ ಮಾಡಿದ್ದಕ್ಕೆ ನಾಲ್ಕು. ಆ ಎರಡರಲ್ಲೂ ಒಂದು ಸ್ಟಾರ್ ಖಾರಾಬಾತಿಗೆ ಹೋಗಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ಹುಚ್ಚು ಹತ್ತಿದ್ದು ಅಪ್ಪನ ಪಾಸ್‌ಪೋರ್ಟ್ ಕಾಗದ ಜೋಡಿಸುವಾಗ. ಅಪ್ಪ ಹುಟ್ಟಿದ್ದು ಜೂನ್ 1. ದೊಡ್ಡಪ್ಪ ಹುಟ್ಟಿದ್ದೂ ಜೂನ್ 1. ಚಿಕ್ಕಪ್ಪನದೂ ಅದೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖು ಅದು, ನಿಮ್ಮ ಮನೆಯಲ್ಲೂ ಒಬ್ಬರಾದರೂ ಹೀಗೆ ಹುಟ್ಟಿರುತ್ತಾರೆ. ಹಾಗಾದರೆ ನಿಜವಾದ ತಾರೀಖು ಯಾವುದು ಎಂದು ಕೇಳಿದೆ. ಅಪ್ಪ "ಹುಣಸೆಹಣ್ಣು ಬಡಿಯೋ ಕಾಲ ಅಂತೆ" ಎಂದು ಹೇಳಿ ಪೇಪರ್ ಓದಲು ಕೂತರು. ನನಗೆ ಮಾತ್ರ ಸುಮ್ನೆ ಇರಲು ಆಗಲಿಲ್ಲ.

ಮೊದಲು ಸೇರಿದ್ದು ಇಲ್ಲೇ ಬೆಂಗಳೂರಿನ ಒಂದು ಖಾಸಗಿ ಕೋರ್ಸಿಗೆ. ಹೆಸರು ಬೇಡ. ನಡೆಸುವವರು ಒಳ್ಳೆಯ ಜನ, ಮೋಸ ಅಂತೂ ಅಲ್ಲ. ಫೀಸು 7,500 ರೂಪಾಯಿ, ನಾಲ್ಕು ಭಾನುವಾರ ಝೂಮ್‌ನಲ್ಲಿ ಪಾಠ, ಕೊನೆಗೆ ಜಯನಗರದಲ್ಲಿ ಒಂದು ದಿನ ಎದುರಿಗೆ ಕೂತು ಕಲಿಯುವುದು. ತೊಂದರೆ ಏನೆಂದರೆ ಪಾಠ ಪೂರ್ತಿ ಎಲ್ಲಿಂದಲೋ ಎತ್ತಿ ತಂದದ್ದು. ಎರಡು ಭಾನುವಾರ ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡಿನಲ್ಲೇ ಕಳೆದೆವು. 1892ರಿಂದ 1954ರವರೆಗೆ ಹಡಗು ಇಳಿದು ಅಲ್ಲಿ ಹಾದುಹೋದ 1 ಕೋಟಿ 20 ಲಕ್ಷ ಜನರ ಪಟ್ಟಿಯಲ್ಲಿ ಹೆಸರು ಹುಡುಕುವುದು ಹೇಗೆ ಎಂಬುದು ಪಾಠ. ನಮ್ಮ ತಾತ ಜೀವನದಲ್ಲಿ ದಾಟಿದ್ದು ಶಿಂಷಾ ಹೊಳೆ. ಪಹಣಿ ಬಗ್ಗೆ ಯಾವಾಗ ಹೇಳ್ತೀರಿ ಎಂದು ಚಾಟ್‌ನಲ್ಲಿ ಕೇಳಿದೆ. "ಮುಂದಿನ ಬ್ಯಾಚಿನಲ್ಲಿ ಸೇರಿಸುತ್ತೇವೆ" ಎಂಬ ಉತ್ತರ ಬಂತು. ಜಯನಗರದ ದಿನ ಕೊಟ್ಟ ಖಾರಾಬಾತ್ ಮಾತ್ರ ಚೆನ್ನಾಗಿತ್ತು. ಎರಡರಲ್ಲಿ ಒಂದು ಸ್ಟಾರ್ ಅದರದ್ದೇ.

ಎರಡನೆಯದು ಸ್ಕಾಟ್ಲೆಂಡಿನ ಸ್ಟ್ರ್ಯಾತ್‌ಕ್ಲೈಡ್ ವಿಶ್ವವಿದ್ಯಾಲಯದವರು ಫ್ಯೂಚರ್‌ಲರ್ನ್ ಎಂಬ ಜಾಲತಾಣದಲ್ಲಿ ಹಾಕಿರುವ ಆರು ವಾರದ ಕೋರ್ಸು. ಗ್ಲಾಸ್ಗೋದ ಈ ವಿಶ್ವವಿದ್ಯಾಲಯದಲ್ಲಿ ವಂಶಾವಳಿ ಶಾಸ್ತ್ರಕ್ಕೆ ಎಂಎಸ್ಸಿ ಕೂಡ ಇದೆ. ನಾನು ಮಾಡಿದಾಗ ಪುಕ್ಕಟೆ ಸಿಕ್ಕಿತು, ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ದುಡ್ಡು. ಇಂಗ್ಲಿಷಿನಲ್ಲಿದೆ, ಆದರೆ ಕಷ್ಟದ ಇಂಗ್ಲಿಷ್ ಅಲ್ಲ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ, ಭಾನುವಾರ ಬೆಳಗ್ಗೆ ಸ್ವಲ್ಪ ಜಾಸ್ತಿ, ಹೀಗೆ ಮುಗಿಸಿದೆ.

ಇಲ್ಲೂ ಮೊದಲು ಹೊಟ್ಟೆ ಉರಿಯಿತು. ಬ್ರಿಟನ್ನಿನವರ ಪುಣ್ಯ ನೋಡಿ. ಅಲ್ಲಿ 1841ರಿಂದ ಜನಗಣತಿಯ ಹಾಳೆಗಳು ಹೆಸರು ಸಮೇತ ಉಳಿದಿವೆ. ಮನೆಯಲ್ಲಿ ಯಾರ್‍ಯಾರಿದ್ದರು, ವಯಸ್ಸೆಷ್ಟು, ಕಸುಬೇನು, ಎಲ್ಲ. ನೂರು ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. ಇಂಗ್ಲೆಂಡಿನ 1921ರದ್ದು 2022ರ ಜನವರಿಯಲ್ಲಿ ತೆರೆಯಿತು. (1931ರ ಇಂಗ್ಲೆಂಡಿನ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು, ಅವರಿಗೂ ಒಂದೊಂದು ಸಲ ಹೀಗೆ ಆಗುತ್ತದೆ.) ಮೈಸೂರು ಸಂಸ್ಥಾನದಲ್ಲೂ 1871ರಲ್ಲೇ ಜನಗಣತಿ ಆಯಿತು. ಆದರೆ ನಮಗೆ ಉಳಿದಿರುವುದು ಅಂಕಿಗಳ ಪುಸ್ತಕ. ತಾಲ್ಲೂಕಿನಲ್ಲಿ ಎಷ್ಟು ಜನ ಎಂಬುದು ಸಿಗುತ್ತದೆ, ನಿಮ್ಮ ಮುತ್ತಜ್ಜಿಯ ಹೆಸರು ಸಿಗುವುದಿಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದಿದ್ದು 1969ರಲ್ಲಿ.

ನನ್ನ ಜೊತೆ ಮೊದಲ ಕೋರ್ಸು ಮಾಡಿದ ಫ್ರೇಜರ್ ಟೌನಿನ ಒಬ್ಬರು ಇದ್ದರು, ಆಂಗ್ಲೋ ಇಂಡಿಯನ್ ಮನೆತನ. ಅವರಿಗೆ ಈ ಗೋಳಿಲ್ಲ. ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲ ಬರೆದಿರುತ್ತದೆ. ಕಂಟೋನ್ಮೆಂಟಿನ ಚರ್ಚುಗಳು ಮದ್ರಾಸಿನ ಲೆಕ್ಕಕ್ಕೆ ಸೇರಿದ್ದವು. ಆ ಪುಸ್ತಕಗಳ ನಕಲು ಲಂಡನ್ನಿಗೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರು ಎರಡು ವಾರದಲ್ಲಿ ಆರು ತಲೆಮಾರು ಹಿಂದೆ ಹೋದರು. ನಾನು ಇನ್ನೂ ಜೂನ್ 1ರಲ್ಲೇ ಇದ್ದೆ.

ಹಾಗಾದರೆ ನಾಲ್ಕು ಸ್ಟಾರ್ ಯಾಕೆ? ಸ್ಟ್ರ್ಯಾತ್‌ಕ್ಲೈಡಿನವರು ದಾಖಲೆ ಎಲ್ಲಿದೆ ಎನ್ನುವುದಕ್ಕಿಂತ, ಸಿಕ್ಕಿದ ದಾಖಲೆಯನ್ನು ಎಷ್ಟು ನಂಬಬೇಕು ಎಂಬುದನ್ನು ಜಾಸ್ತಿ ಕಲಿಸುತ್ತಾರೆ. ಇದನ್ನು ಹೇಳಿದವರು ಯಾರು? ಅವರು ಆ ಘಟನೆ ನಡೆದಾಗ ಅಲ್ಲಿದ್ದರಾ? ಬರೆದದ್ದು ಅವತ್ತೇನಾ, ಮೂವತ್ತು ವರ್ಷ ಆದ ಮೇಲಾ? ಎರಡು ಕಾಗದ ಜಗಳ ಆಡಿದರೆ ಯಾವುದರ ಮಾತು ಕೇಳಬೇಕು, ಯಾಕೆ? ಸಿಕ್ಕಿದ್ದನ್ನೆಲ್ಲ ಎಲ್ಲಿ ಸಿಕ್ಕಿತು ಎಂದು ಬರೆದಿಡಿ, ಸಿಗದೇ ಇದ್ದದ್ದನ್ನೂ ಎಲ್ಲಿ ಹುಡುಕಿದಿರಿ ಎಂದು ಬರೆದಿಡಿ. ಈ ಕೊನೆಯದು ಮೊದಲು ತಮಾಷೆ ಅನಿಸಿತು. ಒಂದೇ ಕಬ್ಬಿಣದ ಪೆಟ್ಟಿಗೆಯನ್ನು ಮೂರನೇ ಸಲ ಬಿಚ್ಚುತ್ತಿದ್ದೇನೆ ಎಂದು ಗೊತ್ತಾದ ದಿನ ನೋಟ್‌ಬುಕ್ ತಂದೆ.

ಆ ಪೆಟ್ಟಿಗೆ ಕುಣಿಗಲ್ ಹತ್ತಿರದ ನಮ್ಮ ಊರಿನಲ್ಲಿದೆ, ಸೋದರತ್ತೆಯ ಮಂಚದ ಕೆಳಗೆ. ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದ ಕಥೆ ಏನೆಂದರೆ, ಮುತ್ತಾತ, ಅಂದರೆ ತಾತನ ಅಪ್ಪ, 1898ರ ಪ್ಲೇಗಿನಲ್ಲಿ ಹೋದರು. ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದು, ಪ್ಲೇಗಮ್ಮನಿಗೆ ಹರಕೆ ಹೊತ್ತಿದ್ದು, ಎಲ್ಲ ದೊಡ್ಡಪ್ಪ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರು. ತಾತನ ಶಾಲೆ ಸರ್ಟಿಫಿಕೇಟ್ ಪ್ರಕಾರ ಅವರು ಹುಟ್ಟಿದ್ದು 1912ರಲ್ಲಿ. ಅಪ್ಪ ಸತ್ತು ಹದಿನಾಲ್ಕು ವರ್ಷಕ್ಕೆ ಮಗ ಹುಟ್ಟಿದ! ಎರಡನ್ನೂ ನಾವು ಚಿಕ್ಕಂದಿನಿಂದ ಕೇಳಿದ್ದೇವೆ, ಒಬ್ಬರಿಗೂ ಲೆಕ್ಕ ಹಾಕಬೇಕು ಅನಿಸಿರಲಿಲ್ಲ. ಮೇಷ್ಟ್ರ ಅಂದಾಜು ಇಲ್ಲೂ ಇರಬಹುದು, ಆದರೆ ಎರಡು ಮೂರು ವರ್ಷ ತಪ್ಪಬಹುದು, ಹದಿನಾಲ್ಕು ತಪ್ಪುವುದಿಲ್ಲ ಅಲ್ವಾ?

ಪೆಟ್ಟಿಗೆಯಲ್ಲಿ ಒಂದು ಪಾಲುಪಟ್ಟಿ ಇತ್ತು. ಮೈಸೂರು ಸಂಸ್ಥಾನದ ಛಾಪಾ ಕಾಗದ, ಮಡಿಕೆಯಲ್ಲಿ ಹರಿದಿದೆ. ತಾತ ಮತ್ತು ಅವರ ಅಣ್ಣ ಜಮೀನು ಹಂಚಿಕೊಂಡಾಗ ಬರೆಸಿದ್ದು, ಶ್ರೀಮುಖ ಸಂವತ್ಸರ. ಅದರಲ್ಲಿ ಒಂದು ಸಾಲು: ನಮ್ಮ ತಂದೆಯವರು ಕಾಳಯುಕ್ತಿ ಸಂವತ್ಸರದ ಆಶ್ವಯುಜ ಮಾಸದಲ್ಲಿ ದೈವಾಧೀನರಾದ ಲಾಗಾಯ್ತು ನಾವು ಒಟ್ಟಿಗೆ ಇದ್ದು, ಇತ್ಯಾದಿ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ 1858ರಲ್ಲಿ ಬಂದಿತ್ತು, 1918ರಲ್ಲಿ ಬಂತು, 1978ರಲ್ಲೂ ಬಂತು. ಪಾಲುಪಟ್ಟಿಯ ಶ್ರೀಮುಖ ಎಂದರೆ 1933. ಆಗ ತಾತನಿಗೆ ಇಪ್ಪತ್ತೊಂದು. ಆದ್ದರಿಂದ ಮುತ್ತಾತ ಹೋದದ್ದು 1918, ಆಶ್ವಯುಜ ಅಂದರೆ ಅಕ್ಟೋಬರ್ ಹೊತ್ತು. ಅದೇ ಇನ್‌ಫ್ಲುಯೆಂಜಾ ಇಡೀ ದೇಶದಲ್ಲಿ ಲಕ್ಷಾಂತರ ಜನರನ್ನು ಹೊತ್ತೊಯ್ದ ತಿಂಗಳುಗಳು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟ್‌ನಲ್ಲಿ, ಬಸವನಗುಡಿ ಮಲ್ಲೇಶ್ವರ ಬೆಳೆದದ್ದು ಅದರ ಕಾಲಕ್ಕೇ. ಆ ವರ್ಷ ಪುಸ್ತಕಗಳಲ್ಲೆಲ್ಲ ಇದೆ, ದೊಡ್ಡಪ್ಪ ಎಲ್ಲೋ ಓದಿ ನಮ್ಮ ಮುತ್ತಾತನಿಗೆ ಅಂಟಿಸಿರಬೇಕು.

ಇಲ್ಲಿ ನಾನು ಕುಣಿದಾಡಿದೆ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿಯೂಬಿಟ್ಟೆ. ಆಮೇಲೆ ಕೋರ್ಸಿನ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಪಾಲುಪಟ್ಟಿ ಹೇಳುವುದು ಯಾವಾಗ ಎಂದು ಮಾತ್ರ, ಯಾವುದರಿಂದ ಎಂದು ಅಲ್ಲ. ಪ್ಲೇಗು 1898ಕ್ಕೇ ನಿಂತಿರಲಿಲ್ಲ, ಆಮೇಲೂ ವರ್ಷಗಟ್ಟಲೆ ಬಂದು ಹೋಗುತ್ತಿತ್ತು. ಹಾವು ಕಚ್ಚಿಯೂ ಇರಬಹುದು. ನೋಟ್‌ಬುಕ್ಕಿನಲ್ಲಿ ಈಗ ಹೀಗಿದೆ: ವರ್ಷ ಖಚಿತ, ಜ್ವರ ಸಾಧ್ಯತೆ.

ಮರ ಬಿಡಿಸುವ ಪಾಠ ಚೆನ್ನಾಗಿದೆ, ಆದರೆ ನಮ್ಮಂಥ ಮನೆಗಳಿಗೆ ಮಾಡಿದ್ದಲ್ಲ. ಒಂದು ಹಳೆಯ ನಂಬರಿನ ಲೆಕ್ಕ ಇದೆ, ಜರ್ಮನ್ ಹೆಸರು, ಆನೆನ್‌ಟಾಫೆಲ್. ನೀವು 1, ನಿಮ್ಮ ಅಪ್ಪ 2, ಅಮ್ಮ 3. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಸೇರಿಸಿದರೆ ಅಮ್ಮ. ಎಷ್ಟು ಸುಲಭ! ನಮ್ಮ ತಾತ 4, ಅಜ್ಜಿ 5. ಅಜ್ಜಿ ಮದುವೆಯಾದದ್ದು ತಮ್ಮ ಸೋದರಮಾವನನ್ನೇ. ಅಂದರೆ ತಾತನ ಅಪ್ಪ ಅಮ್ಮ 8 ಮತ್ತು 9, ಅಜ್ಜಿಯ ತಾಯಿಯ ಅಪ್ಪ ಅಮ್ಮ 22 ಮತ್ತು 23, ಇಬ್ಬರೂ ಅವರೇ. ಮುತ್ತಾತ ನನ್ನ ಮರದಲ್ಲಿ ಎರಡು ಕೊಂಬೆಯ ಮೇಲೆ ಕೂತಿದ್ದಾರೆ. ಫೋನಿನಲ್ಲಿ ಹಾಕಿಕೊಂಡಿದ್ದ ಒಂದು ಆ್ಯಪ್ ಇದನ್ನು ನೋಡಿ ತಪ್ಪಾಗಿದೆ, ಸರಿಪಡಿಸಿ ಎಂದು ಕೆಂಪು ಗುರುತು ಹಾಕುತ್ತಲೇ ಇತ್ತು. ಡಿಎನ್‌ಎ ವಾರದಲ್ಲೂ ಇದೇ ಕಥೆ. ಇಬ್ಬರ ನಡುವೆ ಎಷ್ಟು ಡಿಎನ್‌ಎ ಸಮ ಇದೆ ಎಂದು ನೋಡಿ ನೆಂಟಸ್ತನ ಅಂದಾಜು ಮಾಡುತ್ತಾರೆ, ಸೋದರಸಂಬಂಧಿಗಳಲ್ಲಿ ಸುಮಾರು ಎಂಟರಲ್ಲಿ ಒಂದು ಪಾಲು. ಒಳಗೊಳಗೇ ಕೊಟ್ಟು ತಂದ ಮನೆಗಳಲ್ಲಿ ದೂರದ ನೆಂಟರೂ ಹತ್ತಿರದವರ ಹಾಗೆ ಕಾಣುತ್ತಾರೆ. ಕಳೆದುಕೊಂಡ ಒಂದು ಸ್ಟಾರ್ ಇದಕ್ಕೆ, ನಮ್ಮ ಕಡೆಯ ಮದುವೆಗಳ ಬಗ್ಗೆ ಒಂದು ಪೂರ್ತಿ ಪಾಠ ಬೇಕಿತ್ತು. ಹಾಂ, ಇಲ್ಲಿ ಖಾರಾಬಾತ್‌ಗೆ ಸ್ಟಾರ್ ಸೇರಿಸಿದ್ದು ನಾನೇ ಮಾಡಿಕೊಂಡದ್ದಕ್ಕೆ, ಭಾನುವಾರ ತಟ್ಟೆ ಮುಂದಿಟ್ಟುಕೊಂಡು ಪಾಠ ಕೇಳುವ ಸುಖ ಬೇರೆ.

ಯಾವ ಕೋರ್ಸೂ ಹೇಳದೇ ಇದ್ದ ಒಂದು ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಊರಿಗೆ ಫೋನ್ ಮಾಡಿ "ವಂಶವೃಕ್ಷ ಮಾಡ್ತಿದ್ದೀನಿ" ಎಂದು ಮಾತ್ರ ಹೇಳಬೇಡಿ. ನಮ್ಮಲ್ಲಿ ವಂಶವೃಕ್ಷ ಅಂದರೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಕೊಡುವ ಕಾಗದ. ಇಪ್ಪತ್ತು ವರ್ಷ ಮಾತಾಡದ ಅಣ್ಣತಮ್ಮಂದಿರ ಮಗ ದಿಢೀರನೆ ಫೋನ್ ಮಾಡಿ ನಿಮ್ಮ ತಾತನ ಹೆಸರೇನು, ಮಕ್ಕಳೆಷ್ಟು ಎಂದು ಕೇಳಿದರೆ ಎದುರಿನವರು ಏನು ಅಂದುಕೊಳ್ಳಬೇಕು? ನನಗೆ ಒಬ್ಬರು ನೇರವಾಗಿ "ಯಾವ ಸರ್ವೆ ನಂಬರ್ ಮೇಲೆ ಕಣ್ಣು ನಿಂಗೆ?" ಎಂದರು. ಈಗ ನಾನು ಹಳೆ ಫೋಟೋ ಕೇಳುವ ನೆಪದಲ್ಲಿ ಶುರು ಮಾಡುತ್ತೇನೆ. ಹಾಗಂತ ಪಹಣಿ, ಮ್ಯುಟೇಷನ್ ಬಿಡಬೇಡಿ, ಯಾರು ಸತ್ತ ಮೇಲೆ ಜಮೀನು ಯಾರ ಹೆಸರಿಗೆ ಹೋಯಿತು ಎಂಬುದು ನಮ್ಮ ಪಾಲಿಗೆ ಚರ್ಚಿನ ಪುಸ್ತಕ ಇದ್ದ ಹಾಗೆ. ಮನೆಯಲ್ಲಿ ಯಾರಾದರೂ ಸಂಸ್ಥಾನದ ಕಾಲದಲ್ಲಿ ಸರ್ಕಾರಿ ಕೆಲಸದಲ್ಲಿದ್ದರೆ ವಿಕಾಸ ಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೋಗಿ ನೋಡಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ನಡೆಸುವ ಫ್ಯಾಮಿಲಿಸರ್ಚ್ ಎಂಬ ಜಾಲತಾಣ ಪುಕ್ಕಟೆ. ಯಾತ್ರೆಗೆ ಬಂದವರ ವಂಶ ಬರೆದಿಡುವ ಹರಿದ್ವಾರದ ಪುರೋಹಿತರು, ಅಂದರೆ ಪಂಡರ ಪುಸ್ತಕಗಳನ್ನೂ ಅವರು ಫಿಲ್ಮ್ ಮಾಡಿದ್ದಾರೆ, ನಮ್ಮವರು ಅಷ್ಟು ದೂರ ಹೋದವರಲ್ಲ.

ಇನ್ನು ಹೆಳವರು, ಊರೂರು ಸುತ್ತಿ ಮನೆತನಗಳ ವಂಶಾವಳಿ ಹೇಳುವವರು. ಎತ್ತಿನ ಕೊರಳಿನ ಗಂಟೆ ಕೇಳಿಸಿದರೆ ಹೆಳವ ಬಂದ ಎಂದು ಮಕ್ಕಳು ಓಡುತ್ತಿದ್ದೆವು ಎಂದು ಅತ್ತೆ ಹೇಳುತ್ತಾರೆ. ನಮ್ಮ ಮನೆತನದ ಹೆಳವರ ಮೊಬೈಲ್ ನಂಬರ್ ಚಿಕ್ಕಪ್ಪನ ಮಗನ ಹತ್ತಿರ ಇತ್ತು! ಬಂದರು, ಕೂತರು, ಪುಸ್ತಕ ಪೂರ್ತಿ ತೆಗೆಯುವ ಮೊದಲೇ ಏಳು ತಲೆಮಾರು ಒಂದೇ ಉಸಿರಿಗೆ ಹೇಳಿದರು, ಯಾವ ಊರಿನಿಂದ ಎದ್ದು ಬಂದೆವು, ಯಾವ ದೇವರ ಒಕ್ಕಲು, ಎಲ್ಲ. ಮುತ್ತಾತನ ಹೆಸರು ಪಾಲುಪಟ್ಟಿಗೆ ಸರಿಯಾಗಿ ಹೊಂದಿತು. ನನ್ನ ಮಗಳ ಹೆಸರನ್ನೂ ಬರೆದುಕೊಂಡರು, ನಾನು ಕೇಳಿ ಬರೆಸಿದೆ. ಯಾಕೆಂದರೆ ಅವರು ಓದಿದ ಏಳು ತಲೆಮಾರಿನಲ್ಲಿ ಒಂದೂ ಹೆಣ್ಣಿನ ಹೆಸರಿರಲಿಲ್ಲ. ಅಕ್ಕಿ, ರಾಗಿ, ಒಂದು ಪಂಚೆ, ಎರಡು ಸಾವಿರ ರೂಪಾಯಿ ಕೊಟ್ಟೆವು. ಅದಕ್ಕೆ ಐದು ಸ್ಟಾರ್, ಯೋಚನೆಯೇ ಬೇಡ.

ಪಾಲುಪಟ್ಟಿಯಲ್ಲೂ ಅಷ್ಟೇ, ನಮ್ಮ ತಾಯಿಯವರ ಜೀವನಾಂಶಕ್ಕೆ ಇಷ್ಟು ರಾಗಿ ಎಂದಿದೆ, ಹೆಸರಿಲ್ಲ. ನಂಬರ್ 9 ಖಾಲಿ, ಆದ್ದರಿಂದ 23 ಕೂಡ. ಹಳೆಯ ಸ್ಕಾಟ್ಲೆಂಡಿನಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುವ ರೂಢಿ ಇತ್ತು, ಅದನ್ನು ಹಿಡಿದು ಅಲ್ಲಿ ಹಿಂದೆ ಹೋಗುತ್ತಾರೆ. ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅತ್ತೆಗೆ ಇದನ್ನು ಹೇಳಿದೆ. 86 ವರ್ಷ ಅವರಿಗೆ, ಮನೆಯ ಮೊದಲ ಹೆಣ್ಣುಮಗು. ಅವರೆಕಾಯಿ ಸುಲಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮವ್ವ ನನ್ನನ್ನ ಒಂದು ದಿನವೂ ಹೆಸರು ಹಿಡಿದು ಕರೀಲಿಲ್ಲ ಕಣೋ. ಬೈಬೇಕಾದ್ರೂ ಪುಟ್ಟವ್ವ ಅಂತಲೇ ಬೈಯೋಳು. ಅತ್ತೆ ಹೆಸರು ಬಾಯಲ್ಲಿ ತರಬಾರದು ಅಂತಿದ್ಲು. ಯಾವ ಅತ್ತೆ ಹೆಸರು ಅಂತ ನಾನು ಕೇಳಲೇ ಇಲ್ಲ ನೋಡು."

ನಂಬರ್ 9ರ ಎದುರು ಸೋದರತ್ತೆಯ ಹೆಸರು ಬರೆದೆ, ಪೆನ್ಸಿಲ್‌ನಲ್ಲಿ. ಆಧಾರ ಎಂಬ ಕಡೆ: ಅಜ್ಜಿ ಮಗಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ.