ರೂಟರ್ ಟೇಬಲ್: ಕೊಂಡದ್ದು, ಅಕ್ರಿಲಿಕ್ ಕೂರಿಸಿದ್ದು, ಪ್ಲೇಟೇ ಇಲ್ಲದ್ದು

ಎರಡು ವರ್ಷಗಳಲ್ಲಿ ನಾನು ಮೂರು ರೂಟರ್ ಟೇಬಲ್‌ಗಳ ಮೇಲೆ ಕೆಲಸ ಮಾಡಿದ್ದೇನೆ. ರೂಟರ್ ಎಂದರೆ ವೇಗವಾಗಿ ತಿರುಗುವ ಬಿಟ್ಟಿನಿಂದ (ಅಲಗಿನಿಂದ) ಮರವನ್ನು ಕೊರೆಯುವ ಯಂತ್ರ, ಅದರ ಚಿಕ್ಕ ರೂಪವೇ ಟ್ರಿಮ್ಮರ್. ಅದನ್ನು ತಲೆಕೆಳಗಾಗಿ ಅಡಿಗೆ ಬಿಗಿದು, ಮರವನ್ನು ಮೇಲೆ ಸರಿಸುವ ಮೇಜು ರೂಟರ್ ಟೇಬಲ್. ಮೊದಲನೆಯದು 7,800 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ಸಿದ್ಧ ಟೇಬಲ್. ಎರಡನೆಯದು 18 ಮಿ.ಮೀ. ಪ್ಲೈವುಡ್ಡಿನಲ್ಲಿ ಅಕ್ರಿಲಿಕ್ ಪ್ಲೇಟ್ ಕೂರಿಸಿ ನಾನೇ ಮಾಡಿಕೊಂಡದ್ದು. ಮೂರನೆಯದು ಯಾವ ಪ್ಲೇಟೂ ಇಲ್ಲದೆ, 12 ಮಿ.ಮೀ. ಪ್ಲೈವುಡ್ಡಿನ ಅಡಿಗೆ ಟ್ರಿಮ್ಮರನ್ನು ನೇರವಾಗಿ ಬಿಗಿದು ಮಾಡಿದ್ದು. ಈ ಮೂರನೆಯದಕ್ಕೆ ತಗಲಿದ ಒಟ್ಟು ಖರ್ಚು 1,350 ರೂಪಾಯಿ. ಈಗ ನನ್ನ ಕೆಲಸವೆಲ್ಲ ಅದರ ಮೇಲೆಯೇ ನಡೆಯುತ್ತದೆ. ಹೊಸದಾಗಿ ಮರಗೆಲಸಕ್ಕೆ ಕೈ ಹಾಕಿದವರು, ಅದರಲ್ಲೂ ಕೈಯಲ್ಲಿ ಚಿಕ್ಕ ಟ್ರಿಮ್ಮರ್ ಒಂದನ್ನೇ ಇಟ್ಟುಕೊಂಡವರು, ಮೊದಲ ಎರಡರ ದಾರಿಯಲ್ಲಿ ಹಣ ಮತ್ತು ಹಲಗೆ ಕಳೆದುಕೊಳ್ಳಬಾರದೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಹಳೆಯ ಕೊಟ್ಟಿಗೆಯ ಒಂದು ಭಾಗವೇ ನನ್ನ ಕೆಲಸದ ಜಾಗ. ಮಾಡುವುದು ಹೆಚ್ಚಾಗಿ ಫೋಟೋ ಚೌಕಟ್ಟು ಮತ್ತು ಸಣ್ಣ ಡಬ್ಬಿಗಳು. ಮರ ಹಲಸಿನದು, ಮನೆ ರಿಪೇರಿಯಾದಾಗ ಉಳಿದ ಹಲಗೆಗಳದು. ಇಪ್ಪತ್ತೈದು ಮಿ.ಮೀ. ಅಗಲದ ಪಟ್ಟಿಯ ಮೇಲೆ ಟ್ರಿಮ್ಮರನ್ನು ಇಟ್ಟು ಓಡಿಸಿದರೆ ಅದು ಒಂದಲ್ಲ ಒಂದು ಕಡೆಗೆ ವಾಲುತ್ತದೆ, ಗಾಜು ಕೂರುವ ಕಚ್ಚು ಹಾಳಾಗುತ್ತದೆ. ಯಂತ್ರ ಕದಲದಂತೆ ನಿಂತು ಮರವೇ ಅದರ ಮೇಲೆ ಸರಿಯಬೇಕೆಂದು ಅನ್ನಿಸಿದ ದಿನವೇ ಟೇಬಲ್ ಹುಡುಕಲು ಶುರುಮಾಡಿದೆ.

ಕೊಂಡ ಟೇಬಲ್ ನೋಡುವುದಕ್ಕೆ ಚೆನ್ನಾಗಿತ್ತು. ಅಲ್ಯೂಮಿನಿಯಂ ಮೇಲ್ಮೈ, ತಗಡಿನ ಕಾಲುಗಳು, ಫೆನ್ಸಿನ (ಮರವನ್ನು ಒತ್ತಿ ಸರಿಸಲು ಆಸರೆಯಾಗುವ ನೇರ ಪಟ್ಟಿಯ) ಮೇಲೆ ಅಳತೆಪಟ್ಟಿ, ಧೂಳು ಎಳೆಯುವ ಕೊಳವೆಗೆ ಜಾಗ ಎಲ್ಲವೂ ಇದ್ದವು. ದೊಡ್ಡ ರೂಟರಿಗೆಂದು ಮಾಡಿದ ಹಿಡಿಕೆಗಳು ನನ್ನ ಟ್ರಿಮ್ಮರಿನ ತಳವನ್ನು ಹಿಡಿಯಲಿಲ್ಲವಾದ್ದರಿಂದ ಮರದ ಬಿಲ್ಲೆಗಳನ್ನು ಕೊರೆದು ಹೊಂದಿಸಿಕೊಂಡೆ. ಅಷ್ಟಕ್ಕೆ ನನಗೆ ಬೇಸರವಾಗಲಿಲ್ಲ. ನಿಜವಾದ ತೊಂದರೆ ಇದ್ದದ್ದು ನಡುವಿನ ಪ್ಲೇಟಿನಲ್ಲಿ.

ಟೇಬಲ್ಲಿನ ನಡುವೆ ಬಿಟ್ ಹೊರಬರುವ ಜಾಗದಲ್ಲಿ ಅಂಗೈ ಅಗಲದ ಒಂದು ಪ್ಲೇಟ್ ಕೂರಿಸಿರುತ್ತಾರೆ. ಅದು ಸುತ್ತಲಿನ ಮೇಲ್ಮೈಗೆ ಸರಿಸಮನಾಗಿ ಕೂರಬೇಕು. ನನಗೆ ಬಂದ ಟೇಬಲ್ಲಿನಲ್ಲಿ ಅದು ತಗ್ಗಿತ್ತು. ಕಣ್ಣಿಗೆ ಕಾಣುವಷ್ಟೇನಲ್ಲ, ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ಅಡ್ಡ ಇಟ್ಟಾಗ ಅಡಿಯಲ್ಲಿ ಎರಡು ವಿಸಿಟಿಂಗ್ ಕಾರ್ಡ್‌ಗಳು ಒಟ್ಟಿಗೆ ನುಸುಳುತ್ತಿದ್ದವು, ಅಂದರೆ ಹೆಚ್ಚೂಕಡಿಮೆ ಅರ್ಧ ಮಿ.ಮೀ. ಮರಗೆಲಸದಲ್ಲಿ ಅರ್ಧ ಮಿ.ಮೀ. ಏನು ಮಹಾ ಎಂದು ಅಂದುಕೊಂಡು ಒಂದು ಚೌಕಟ್ಟಿನ ನಾಲ್ಕು ಪಟ್ಟಿಗಳಿಗೆ ಕಚ್ಚು ಹೊಡೆಯಲು ಹೊರಟೆ.

ಆಗ ಏನಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಟೇಬಲ್ಲಿನ ಒಳ್ಳೆಯದು ಕೆಟ್ಟದ್ದೆಲ್ಲ ಇಲ್ಲೇ ತೀರ್ಮಾನವಾಗುತ್ತದೆ. ಟೇಬಲ್ಲಿನಲ್ಲಿ ಮರವನ್ನು ಬಲದಿಂದ ಎಡಕ್ಕೆ ತಳ್ಳುತ್ತೇವೆ. ಪಟ್ಟಿಯ ಮುಂದಿನ ತುದಿ ಬಿಟ್ ದಾಟಿ ಪ್ಲೇಟಿನ ಎಡ ಅಂಚಿಗೆ ಬಂದಾಗ, ಅಲ್ಲಿ ಅರ್ಧ ಮಿ.ಮೀ. ಎತ್ತರದ ಹೊಸ್ತಿಲು ಇದ್ದಂತಾಗುತ್ತದೆ. ತುದಿ ಅದಕ್ಕೆ ತಾಗಿ ನಿಲ್ಲುತ್ತದೆ. ನಿಂತ ಆ ಕ್ಷಣದಲ್ಲಿ ಬಿಟ್ ಮಾತ್ರ ತಿರುಗುತ್ತಲೇ ಇರುತ್ತದೆಯಾದ್ದರಿಂದ ಮರ ಸುಟ್ಟು ಕಪ್ಪು ಗೆರೆ ಬೀಳುತ್ತದೆ. ಸ್ವಲ್ಪ ಎತ್ತಿ ಹೊಸ್ತಿಲು ದಾಟಿಸಿದ ಮೇಲೆ ನಡುಭಾಗ ಚೆನ್ನಾಗಿಯೇ ಸಾಗುತ್ತದೆ, ಏಕೆಂದರೆ ಪಟ್ಟಿ ಎರಡೂ ಬದಿಯ ಟೇಬಲ್ಲಿನ ಮೇಲೆ ಸೇತುವೆಯಂತೆ ನಿಂತಿರುತ್ತದೆ. ಕೊನೆಯಲ್ಲಿ ಹಿಂದಿನ ತುದಿ ಬಲ ಅಂಚನ್ನು ಬಿಟ್ಟ ಕೂಡಲೇ ಪ್ಲೇಟಿನೊಳಕ್ಕೆ ಇಳಿಯುತ್ತದೆ, ಕಡೆಯ ಒಂದೆರಡು ಇಂಚುಗಳಲ್ಲಿ ಕಚ್ಚು ಆಳವಾಗುತ್ತದೆ. ಚೌಕಟ್ಟಿನಲ್ಲಿ ಪಟ್ಟಿಯ ತುದಿ ಎಂದರೆ ಮೂಲೆ. ಒಂದು ಪಟ್ಟಿಯ ಆಳವಾದ ತುದಿ, ಇನ್ನೊಂದರ ಸುಟ್ಟ ತುದಿ ಎರಡೂ ಒಂದೇ ಮೂಲೆಯಲ್ಲಿ ಬಂದು ಸೇರಿದವು. ನಾಲ್ಕು ಮೂಲೆಗಳಲ್ಲೂ ಹಾಗೆಯೇ ಆಗಿ, ಗಾಜು ಇಟ್ಟಾಗ ಅದು ಕುಲುಕಾಡಿತು. ಅಪ್ಪ ಅಮ್ಮನ ಹಳೆಯ ಫೋಟೋಗೆಂದು ಆರಿಸಿಟ್ಟಿದ್ದ, ಒಳ್ಳೆಯ ಹಳದಿ ಬಣ್ಣದ ಹಲಸಿನ ಹಲಗೆ ಅದು. ಅದೇ ತುಂಡಿನಿಂದ ಇನ್ನೊಂದು ಚೌಕಟ್ಟು ಬರುವಷ್ಟು ಮರ ಉಳಿದಿರಲಿಲ್ಲ.

ಪ್ಲೇಟನ್ನು ಎತ್ತರಿಸಲು ಮಾಸ್ಕಿಂಗ್ ಟೇಪ್ ಪದರಗಳನ್ನು ಅಡಿಗೆ ಅಂಟಿಸಿದೆ. ಒಂದು ಮೂಲೆ ಸರಿಯಾದರೆ ಇನ್ನೊಂದು ಮೂಲೆ ಏಳುತ್ತಿತ್ತು. ಕಂಪನಕ್ಕೆ ಟೇಪು ಅದುಮಿಕೊಂಡು ಮರುದಿನ ಮತ್ತೆ ತಗ್ಗುತ್ತಿತ್ತು. ಎಡ ಅಂಚನ್ನು ಅರದಿಂದ ಉಜ್ಜಿ ಇಳಿಜಾರು ಮಾಡಿದ ಮೇಲೆ ಮುಂದಿನ ತುದಿ ತಾಗುವುದು ನಿಂತಿತು, ಆದರೆ ಹಿಂದಿನ ತುದಿ ಇಳಿಯುವುದಕ್ಕೆ ಮದ್ದು ಸಿಗಲಿಲ್ಲ. ವಾಪಸು ಕಳಿಸುವ ಅವಧಿ ಅಷ್ಟರಲ್ಲಿ ಮುಗಿದಿತ್ತು. ಫೆನ್ಸಿನ ಎರಡು ತುಂಡುಗಳೂ ಒಂದೇ ಗೆರೆಯಲ್ಲಿ ನಿಲ್ಲುತ್ತಿರಲಿಲ್ಲ, ಅದು ಬೇರೆ.

ಎರಡನೆಯ ಟೇಬಲ್ಲನ್ನು ನಾನೇ ಮಾಡಿದೆ. ಅಮೆರಿಕದ ವಿಡಿಯೋಗಳಲ್ಲಿ ಹೆಚ್ಚಿನವರು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ಬಳಸುತ್ತಾರೆ. ಮಲೆನಾಡಿನ ಮಳೆಗಾಲ ನೋಡಿದವರು ಆ ಮಾತನ್ನು ಬದಿಗಿಡುವುದು ಒಳ್ಳೆಯದು, ಥಂಡಿ ಹೀರಿ ಉಬ್ಬಿದ ಎಂಡಿಎಫ್ ಮತ್ತೆ ಮೊದಲಿನಂತಾಗುವುದಿಲ್ಲ. ನಾನು ಐಎಸ್ 710 ಗುರುತಿನ, ನೀರು ತಡೆಯುವ 18 ಮಿ.ಮೀ. ಪ್ಲೈವುಡ್ ತಂದೆ. ನಡುವೆ ಚೌಕಾಕಾರದ ಕಿಂಡಿ ಕೊರೆದು, ಅಂಚಿಗೆ 6 ಮಿ.ಮೀ. ಆಳದ ಮೆಟ್ಟಿಲು ತೆಗೆದು, ಅದರಲ್ಲಿ 6 ಮಿ.ಮೀ. ಅಕ್ರಿಲಿಕ್ ಕೂರಿಸಿದೆ. ಬೇಸಿಗೆಯಲ್ಲಿ ಅದು ನಿಜಕ್ಕೂ ಚೆನ್ನಾಗಿ ನಡೆಯಿತು, ಮತ್ತು ಪಾರದರ್ಶಕವಾದ್ದರಿಂದ ಬಿಟ್ಟಿನ ಸುತ್ತ ಹೊಟ್ಟು ತುಂಬಿದ್ದೂ ಕಾಣುತ್ತಿತ್ತು. ಜುಲೈ ಬರುವ ಹೊತ್ತಿಗೆ ಮೆಟ್ಟಿಲಿನ ಕೊಯ್ದ ಅಂಚು ಥಂಡಿ ಹೀರಿ ಏರಿತು, ಹಳೆಯ ಹೊಸ್ತಿಲು ಮತ್ತೆ ಕೈಗೆ ತಾಗತೊಡಗಿತು. ಕೊಯ್ದ ಅಂಚಿಗೆ ವಾರ್ನಿಷ್ ಕುಡಿಸದೆ ಬಿಟ್ಟದ್ದು ನನ್ನದೇ ತಪ್ಪು. ಅದರ ಜೊತೆಗೆ, ತಲೆ ಒಳಕ್ಕೆ ಕೂರುವ ಸ್ಕ್ರೂಗಳನ್ನು ಬಿಗಿದಾಗ ಅವುಗಳ ಶಂಕುವಿನಾಕಾರದ ತಲೆ ಬೆಣೆಯಂತೆ ಒತ್ತಿ, ಒಂದು ರಂಧ್ರದಿಂದ ಅಕ್ರಿಲಿಕ್ಕಿನಲ್ಲಿ ಕೂದಲೆಳೆಯಂಥ ಸೀಳು ಹೊರಟಿತು. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗುವ ಯಂತ್ರ ಅದರಿಂದ ತೂಗುತ್ತಿರುವಾಗ ಅಂಥ ಸೀಳನ್ನು ನೋಡಿಕೊಂಡು ಕೆಲಸ ಮಾಡಲಾಗದು.

ಬಾಗಿಲು ಸರಿಮಾಡಲು ಬಂದಿದ್ದ ನಮ್ಮೂರಿನ ಆಚಾರ್ರು ಇದನ್ನೆಲ್ಲ ನೋಡಿ, ಟ್ರಿಮ್ಮರನ್ನು ಕೈಗೆತ್ತಿಕೊಂಡು, ಅದರ ಬಿಗಿಹಿಡಿಕೆ ಸಡಿಲಿಸಿ ಮೋಟಾರನ್ನು ತಳದಿಂದ ಹೊರಕ್ಕೆಳೆದು, "ಇದು ಹೀಗೆ ಬಿಚ್ಚಿ ಬರ್ತದಲ್ಲ ಮಾರಾಯ್ರೆ, ನಿಮಗೆ ಪ್ಲೇಟ್ ಎಂತಕ್ಕೆ?" ಎಂದು ಕೇಳಿದರು.

ನನ್ನ ಹೋಲಿಕೆಯ ತಿರುಳು ಆ ಪ್ರಶ್ನೆಯಲ್ಲಿದೆ. ರೂಟರ್ ಟೇಬಲ್ಲಿಗೆ ಪ್ಲೇಟ್ ಇರುವುದು ಮುಖ್ಯವಾಗಿ ಎರಡು ಕಾರಣಕ್ಕೆ: ತೂಕದ ದೊಡ್ಡ ರೂಟರಿನಲ್ಲಿ ಬಿಟ್ ಬದಲಿಸಬೇಕೆಂದರೆ ಇಡೀ ಯಂತ್ರವನ್ನು ಪ್ಲೇಟಿನ ಸಮೇತ ಮೇಲಕ್ಕೆತ್ತುವುದು ಸುಲಭ; ಮತ್ತು ದಪ್ಪ ಹಲಗೆಯ ಅಡಿಗೆ ಯಂತ್ರ ಬಿಗಿದರೆ ಬಿಟ್ ಸಾಕಷ್ಟು ಮೇಲೆ ಬರುವುದಿಲ್ಲವಾದ್ದರಿಂದ ಅಲ್ಲಿ ತೆಳುವಾದದ್ದೇನೋ ಬೇಕು. ಟ್ರಿಮ್ಮರಿನಲ್ಲಿ ಮೊದಲ ಕಾರಣವೇ ಇಲ್ಲ. ತಳ ಟೇಬಲ್ಲಿಗೆ ಅಂಟಿಕೊಂಡೇ ಇರಲಿ, ಮೋಟಾರನ್ನಷ್ಟೇ ಕೆಳಕ್ಕೆ ಜಾರಿಸಿ ಹೊರತೆಗೆದು, ಬೆಳಕಿನಲ್ಲಿ ಕೂತು ಬಿಟ್ ಬದಲಿಸಿ, ಮತ್ತೆ ಸೇರಿಸಬಹುದು. ಎರಡನೆಯ ಕಾರಣಕ್ಕೆ ಹಲಗೆಯನ್ನು ಅಡಿಯಿಂದ ಆ ಜಾಗದಲ್ಲಷ್ಟೇ ತೆಳುಮಾಡಿದರೆ ಸಾಕು. ಪ್ಲೇಟ್ ಇಲ್ಲವೆಂದರೆ ಅಂಚಿಲ್ಲ, ಅಂಚಿಲ್ಲವೆಂದರೆ ಹೊಸ್ತಿಲಿಲ್ಲ.

ಮೂರನೆಯ ಟೇಬಲ್ 600 ಮಿ.ಮೀ. ಉದ್ದ, 400 ಮಿ.ಮೀ. ಅಗಲದ ಒಂದು 12 ಮಿ.ಮೀ. ಪ್ಲೈವುಡ್ ತುಂಡು. ಪೀಠೋಪಕರಣದ ಅಂಗಡಿಯಲ್ಲಿ ಉಳಿದಿದ್ದ ಬಿಳಿ ಸನ್‌ಮೈಕಾ ತುಂಡುಗಳನ್ನು ತಂದು ಎರಡೂ ಬದಿಗೆ ಫೆವಿಕಾಲ್ ಹಾಕಿ, ಮೇಲೆ ಕಲ್ಲು ಹೇರಿ ಒಂದು ರಾತ್ರಿ ಬಿಟ್ಟೆ. ಅಡಿಬದಿ ಯಾರಿಗೂ ಕಾಣುವುದಿಲ್ಲವೆಂದು ಒಂದೇ ಬದಿಗೆ ಅಂಟಿಸಬಾರದು. ಒಂದು ಬದಿ ಥಂಡಿ ಹೀರಿ ಇನ್ನೊಂದು ಹೀರದೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ನಾಲ್ಕೂ ಅಂಚುಗಳಿಗೆ ಈ ಸಲ ಮರೆಯದೆ ವಾರ್ನಿಷ್ ಕುಡಿಸಿದೆ.

ಟ್ರಿಮ್ಮರಿನ ತಳದಲ್ಲಿರುವ ಕಪ್ಪು ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಚ್ಚಿ, ಅದನ್ನೇ ಅಚ್ಚಾಗಿಟ್ಟು ಸ್ಕ್ರೂ ರಂಧ್ರಗಳನ್ನು ಗುರುತು ಮಾಡಿಕೊಂಡೆ. ಗುರುತನ್ನು ಹಲಗೆಯ ಅಡಿಬದಿಯಲ್ಲೇ ಹಾಕಬೇಕು, ಮೇಲ್ಬದಿಯಲ್ಲಿ ಹಾಕಿದರೆ ಎಡಬಲ ತಿರುವುಮುರುವಾಗುತ್ತದೆ. ತಳ ಕೂರುವಷ್ಟು ಜಾಗವನ್ನು ಅದೇ ಟ್ರಿಮ್ಮರಿನಿಂದ, ನೇರ ಬಿಟ್ ಹಾಕಿ, ಸುತ್ತ ನಾಲ್ಕು ಪಟ್ಟಿಗಳ ಆಧಾರ ಕೊಟ್ಟು, ಎರಡು ಸಲಕ್ಕೆ 5 ಮಿ.ಮೀ. ಆಳ ತೋಡಿದೆ. ಅಲ್ಲಿ ಹಲಗೆ ಸನ್‌ಮೈಕಾ ಸೇರಿ ಸುಮಾರು 8 ಮಿ.ಮೀ. ಉಳಿಯಿತು, ನನ್ನ ಚಿಕ್ಕ ಯಂತ್ರಕ್ಕೆ ಅಷ್ಟು ಗಟ್ಟಿತನ ಸಾಕಾಗಿದೆ. ಬಿಟ್ ಹೊರಬರಲು 32 ಮಿ.ಮೀ. ರಂಧ್ರ. ಯಂತ್ರದ ಜೊತೆ ಬಂದ ಸ್ಕ್ರೂಗಳು ಚಿಕ್ಕವಾದವು. ಒಂದನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಮರೆಯ (ಸುರುಳಿಗೆರೆಯ) 16 ಮಿ.ಮೀ. ಉದ್ದದವನ್ನು ತಂದೆ. ತಲೆಗಳು ಸನ್‌ಮೈಕಾದಿಂದ ಒಂದು ಕೂದಲಷ್ಟು ಕೆಳಗೆ ಕೂರುವಂತೆ ನೋಡಿಕೊಳ್ಳಬೇಕು. ಹಲಗೆ ಜೋಲದಂತೆ ಅಡಿಯಲ್ಲಿ ಯಂತ್ರದ ಎರಡೂ ಪಕ್ಕ ಒಂದೊಂದು ಹಲಸಿನ ಪಟ್ಟಿಯನ್ನು ನಿಲುವಾಗಿ ಬಿಗಿದಿದ್ದೇನೆ. ಕಾಲುಗಳಿಲ್ಲ, ಉಳಿದ ಪ್ಲೈವುಡ್ಡಿನ ಮೂರು ಬದಿಯ ಪೆಟ್ಟಿಗೆಯ ಮೇಲೆ ಕೂರಿಸಿ, ಕೆಲಸದ ಬೆಂಚಿಗೆ ಕ್ಲಾಂಪ್ ಹಾಕುತ್ತೇನೆ.

ಫೆನ್ಸ್ ವಿಷಯದಲ್ಲಿ ಹೊಸಬರು ಅನಗತ್ಯವಾಗಿ ಹೆದರುತ್ತಾರೆ. ಬಿಟ್ ದುಂಡಗಿರುವುದರಿಂದ ಫೆನ್ಸ್ ಟೇಬಲ್ಲಿನ ಅಂಚಿಗೆ ಸಮಾನಾಂತರವಾಗಿರಬೇಕೆಂಬ ನಿಯಮವೇ ಇಲ್ಲ. ಫೆನ್ಸಿನಿಂದ ಬಿಟ್ಟಿಗೆ ಇರುವ ದೂರ ಒಂದೇ ಲೆಕ್ಕಕ್ಕೆ ಬರುವುದು. ಹಾಗಾಗಿ ನೇರವಾದ ಒಂದು ಪಟ್ಟಿಯ ಒಂದು ತುದಿಗೆ ಬೋಲ್ಟ್ ಹಾಕಿ ಟೇಬಲ್ಲಿಗೆ ಕೀಲಿನಂತೆ ಹಿಡಿಸಿ, ಇನ್ನೊಂದು ತುದಿಗೆ ಕ್ಲಾಂಪ್ ಹಾಕಿದರೆ ಫೆನ್ಸ್ ಮುಗಿಯಿತು. ಬಿಟ್ ಫೆನ್ಸಿನ ನಟ್ಟನಡುವೆ ಇದ್ದರೆ, ಕ್ಲಾಂಪಿನ ತುದಿಯನ್ನು 1 ಮಿ.ಮೀ. ಸರಿಸಿದಾಗ ಬಿಟ್ಟಿನ ಬಳಿ ಅರ್ಧ ಮಿ.ಮೀ. ಮಾತ್ರ ಸರಿಯುತ್ತದೆ. ಕೊಂಡ ಟೇಬಲ್ಲಿನ ಅಳತೆಪಟ್ಟಿಗಿಂತ ಇದರಲ್ಲಿ ನನಗೆ ಸೂಕ್ಷ್ಮವಾದ ಹೊಂದಾಣಿಕೆ ಸಿಕ್ಕಿದೆ. ಪಟ್ಟಿ ನೇರವಾಗಿದೆಯೇ, ಮೂಲೆಮಟ್ಟ ಹಿಡಿದಾಗ ಟೇಬಲ್ಲಿಗೆ ಲಂಬವಾಗಿದೆಯೇ ಎಂಬುದನ್ನು ಮಾತ್ರ ನೋಡಬೇಕು. ಮರ ಯಾವಾಗಲೂ ಬಿಟ್ಟಿನ ಈಚೆ ಬದಿಯಲ್ಲಿ, ಫೆನ್ಸಿಗೆ ಒತ್ತಿಕೊಂಡು ಬಲದಿಂದ ಎಡಕ್ಕೆ ಹೋಗಬೇಕು. ಬಿಟ್ಟಿಗೂ ಫೆನ್ಸಿಗೂ ನಡುವಿನ ಸಂದಿಯಲ್ಲಿ ಮರ ತೂರಿಸಿದರೆ ಯಂತ್ರ ಅದನ್ನು ಕೈಯಿಂದ ಕಿತ್ತೆಸೆಯುತ್ತದೆ.

ಹಲಸಿನ ಹೊಟ್ಟು ಮೋಟಾರಿನ ಗಾಳಿಕಿಂಡಿಗೆ ಇಳಿಯುವುದು ಮೂರರಲ್ಲೂ ಒಂದೇ. ಪ್ರತಿದಿನ ಊದಿ ತೆಗೆಯುತ್ತೇನೆ.

ಮನೆಯಲ್ಲೇ ಮಾಡಿದ ಟೇಬಲ್ಲಿನಲ್ಲಿ ನನ್ನನ್ನು ಕಾಡಿದ ವಿಷಯ ಸ್ವಿಚ್. ಟ್ರಿಮ್ಮರಿನ ಸ್ವಿಚ್ ಮೋಟಾರಿನ ಮೇಲೆಯೇ ಇರುತ್ತದೆ, ತಲೆಕೆಳಗಾದಾಗ ತಡಕಾಡಬೇಕಾಗುತ್ತದೆ. ಅದಕ್ಕೆ ಪೆಟ್ಟಿಗೆಯ ಮುಂಬದಿಗೆ ಸ್ವಿಚ್ ಮತ್ತು ಸಾಕೆಟ್ ಇರುವ ಡಬ್ಬಿಯೊಂದನ್ನು ಎಲೆಕ್ಟ್ರಿಷಿಯನ್ ಕೈಯಿಂದ ಹಾಕಿಸಿದೆ. ಈ ಯಂತ್ರಕ್ಕೆ 6 ಆಂಪಿಯರಿನದು ಸಾಕು. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಹೋದಾಗ ಸ್ವಿಚ್ ಹಾಕಿದ ಸ್ಥಿತಿಯಲ್ಲೇ ಇರುತ್ತದೆ, ಕರೆಂಟು ಬಂದ ಕೂಡಲೇ ಬಿಟ್ ತಾನಾಗಿ ತಿರುಗತೊಡಗುತ್ತದೆ. ಒಮ್ಮೆ ಹೀಗೇ ಕರೆಂಟು ಹೋದಾಗ ಟೇಬಲ್ ಒರೆಸಲು ಬಟ್ಟೆ ಎತ್ತಿಕೊಂಡವನು, ಪ್ಲಗ್ ನೆನಪಾಗಿ ಕೈ ಹಿಂದಕ್ಕೆಳೆದೆ. ಎರಡು ನಿಮಿಷದಲ್ಲಿ ಕರೆಂಟು ಬಂತು. ಅಂದಿನಿಂದ ಕರೆಂಟು ಹೋದರೆ ಮೊದಲು ಪ್ಲಗ್ ಕೀಳುತ್ತೇನೆ, ಬಿಟ್ ಮುಟ್ಟುವಾಗಲೂ ಅಷ್ಟೇ. ಕರೆಂಟು ಹೋದಾಗ ತಾನೇ ಆಫ್ ಆಗಿ, ಮತ್ತೆ ಒತ್ತುವವರೆಗೆ ಚಾಲೂ ಆಗದ ಸ್ವಿಚ್‌ಗಳೂ ಸಿಗುತ್ತವೆ. ಮುಂದಿನ ಖರ್ಚು ಅದಕ್ಕೇ ಎಂದು ಇಟ್ಟುಕೊಂಡಿದ್ದೇನೆ.

ದೊಡ್ಡ ರೂಟರ್, ಅಂದರೆ 12 ಮಿ.ಮೀ. ಬಿಟ್ ಹಿಡಿಯುವ, ತಳದಿಂದ ಮೋಟಾರ್ ಬೇರ್ಪಡದ ಯಂತ್ರ ಇರುವವರಿಗೆ ನನ್ನ ಮೂರನೆಯ ಟೇಬಲ್ ಹೊಂದುವುದಿಲ್ಲ. ಆ ತೂಕಕ್ಕೆ 8 ಮಿ.ಮೀ. ಉಳಿಸಿದ ಪ್ಲೈವುಡ್ಡನ್ನು ನಾನು ನಂಬಲಾರೆ, ಬಿಟ್ ಬದಲಿಸಲು ಯಂತ್ರವನ್ನು ಮೇಲಕ್ಕೆತ್ತಲೇಬೇಕು. ಅಂಥವರು ಅಕ್ರಿಲಿಕ್ ಬಿಟ್ಟು ಅಲ್ಯೂಮಿನಿಯಂ ಪ್ಲೇಟನ್ನೇ ಹಾಕಿಸಿಕೊಳ್ಳಲಿ. ಮೆಟ್ಟಿಲನ್ನು ಬೇಕಾದ್ದಕ್ಕಿಂತ ಒಂದು ಮಿ.ಮೀ. ಹೆಚ್ಚೇ ಆಳ ತೋಡಿ, ನಾಲ್ಕು ಮೂಲೆಗಳಲ್ಲಿ ಪ್ಲೇಟನ್ನು ಅಡಿಯಿಂದ ಎತ್ತುವ ಸ್ಕ್ರೂಗಳನ್ನು ಮೊದಲೇ ಇಟ್ಟುಕೊಂಡರೆ, ಮಳೆಗಾಲ ಬಂದಾಗ ಸ್ಕೇಲ್ ಅಡ್ಡ ಇಟ್ಟು ಕಾಲು ಸುತ್ತು ತಿರುಗಿಸಿ ಸಮ ಮಾಡಿಕೊಳ್ಳಬಹುದು.