ಸಕಲೇಶಪುರ, ಮೂಡಿಗೆರೆ ಮಳೆಗೆ ಟೂ-ಪ್ಯಾಕ್ ಎಪಾಕ್ಸಿ ಪ್ರೈಮರ್: ಕೆಲವು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಬಳಸಿದ್ದು ಝಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್. ಬೇಸ್ ಒಂದು ಡಬ್ಬಿ, ಹಾರ್ಡನರ್ ಇನ್ನೊಂದು ಡಬ್ಬಿ. ಬಿಸಿಲು ಬೀಳುವ ಭಾಗಕ್ಕೆ ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ಹಚ್ಚಿದ್ದು ತೋಟದ ಜೀಪಿನ ಚಾಸಿ, ಟ್ರ್ಯಾಕ್ಟರ್ ಟ್ರೈಲರ್, ಔಷಧಿ ಹೊಡೆಯುವ ಪಂಪಿನ ಫ್ರೇಮು ಮತ್ತು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಸ್ಟ್ಯಾಂಡಿಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಕಡೂರು, ಅರಸೀಕೆರೆ ಕಡೆಯವರಿಗೆ ಇಷ್ಟು ಖರ್ಚು ಬೇಕಿಲ್ಲ. ಅಲ್ಲಿನ ಒಣ ಹವೆಗೆ ಒಳ್ಳೆಯ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೋಟು ಇನಾಮೆಲ್ ಸಾಕು.

ಮಲೆನಾಡಿನಲ್ಲಿ ರೆಡ್ ಆಕ್ಸೈಡ್ ಯಾಕೆ ಬೇಗ ಕೈಕೊಡುತ್ತದೆ? ಅದರ ಕೆಂಪು ಬಣ್ಣ ಬರುವುದೇ ಕಬ್ಬಿಣದ ಆಕ್ಸೈಡಿನಿಂದ. ಅದಕ್ಕೆ ತುಕ್ಕು ತಡೆಯುವ ಶಕ್ತಿ ಇಲ್ಲ, ನೀರಿಗೆ ಅಡ್ಡ ನಿಲ್ಲುತ್ತದೆ ಅಷ್ಟೆ. ತಡೆಯುವ ಕೆಲಸ ಮಾಡುವುದು ಜೊತೆಗೆ ಸೇರಿಸಿದ ಝಿಂಕ್ ಕ್ರೋಮೇಟ್ ಅಥವಾ ಫಾಸ್ಫೇಟ್. ಡಬ್ಬಿಯ ಮೇಲೆ ಐಎಸ್ 2074 (ಭಾರತೀಯ ಮಾನಕದ ಸಂಖ್ಯೆ) ಎಂದಿದ್ದರೆ ಝಿಂಕ್ ಕ್ರೋಮ್ ಇರುವ ರೆಡ್ ಆಕ್ಸೈಡ್ ಎಂದರ್ಥ. ಅಗ್ಗದ ಡಬ್ಬಿಗಳಲ್ಲಿ ಬರೀ ಕೆಂಪು ಇರಬಹುದು. ಒಳ್ಳೆಯದನ್ನೇ ತಂದರೂ ಅದನ್ನು ಹಿಡಿದಿಡುವುದು ಆಲ್ಕಿಡ್ ರಾಳ, ಅಂದರೆ ಮಾಮೂಲಿ ಇನಾಮೆಲ್ಲಿನಲ್ಲೂ ಇರುವ ಅಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಬಿಡುವೇ ಸಿಗದಿದ್ದರೆ ಅದು ಮೆತ್ತಗಾಗುತ್ತದೆ, ಸುಣ್ಣ ತಾಗಿದರಂತೂ ಸೋಪಿನ ಹಾಗೆ ಕರಗಿ ಏಳುತ್ತದೆ. ಎಪಾಕ್ಸಿಗೆ ಈ ಎರಡೂ ತೊಂದರೆ ಕಡಿಮೆ.

ಆದರೆ ಬಾಳಿಕೆಯ ಮುಕ್ಕಾಲು ಪಾಲು ಡಬ್ಬಿ ತೆರೆಯುವ ಮೊದಲೇ ನಿರ್ಧಾರವಾಗಿರುತ್ತದೆ. ಎಲ್ಲಕ್ಕಿಂತ ಮೊದಲು ಗ್ರೀಸು, ಎಣ್ಣೆ ತೆಗೆಯಬೇಕು. ಗ್ರೀಸ್ ಇರುವಾಗಲೇ ವೈರ್ ಬ್ರಷ್ ಹಾಕಿದರೆ ಅದು ಕಬ್ಬಿಣದ ಗೀರುಗಳೊಳಗೆ ಉಜ್ಜಿಹೋಗುತ್ತದೆ, ಆಮೇಲೆ ಥಿನ್ನರ್‌ನಿಂದಲೂ ಪೂರ್ತಿ ಬರುವುದಿಲ್ಲ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಆಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ. ಬಟ್ಟೆ ಆಗಾಗ ಬದಲಿಸುತ್ತಿರಬೇಕು. ನಂತರ ಚಿಪ್ಪು ಎದ್ದ ತುಕ್ಕನ್ನು ಉಳಿ, ಸುತ್ತಿಗೆಯಲ್ಲಿ ಉದುರಿಸಿ, ಗ್ರೈಂಡರಿಗೆ ಫ್ಲಾಪ್ ಡಿಸ್ಕ್ (ಎಮರಿ ಪಟ್ಟಿ ಜೋಡಿಸಿದ ಬಿಲ್ಲೆ) ಹಾಕಿ ಲೋಹದ ಹೊಳಪು ಕಾಣುವವರೆಗೆ ಉಜ್ಜಿ. ವೈರ್ ಕಪ್ ಬ್ರಷ್ ಒಂದನ್ನೇ ನಂಬಬೇಡಿ. ಅದು ಗಟ್ಟಿ ತುಕ್ಕಿಗೆ ಪಾಲಿಶ್ ಕೊಟ್ಟು ಹೊಳೆಯಿಸುತ್ತದೆ, ನೋಡಿದವರು ಕಬ್ಬಿಣ ಎಂದುಕೊಳ್ಳುತ್ತಾರೆ.

ಹಳೆಯ ಇನಾಮೆಲ್ ಮೇಲೆ ನೇರವಾಗಿ ಎಪಾಕ್ಸಿ ಹಚ್ಚಬೇಡಿ. ಎಪಾಕ್ಸಿಯ ಥಿನ್ನರ್ ಜೋರು. ಕೆಳಗಿನ ಪದರ ಸುಕ್ಕುಗಟ್ಟಿ ಎದ್ದುಬರುತ್ತದೆ. ಎಪಾಕ್ಸಿ ಮೇಲೆ ಇನಾಮೆಲ್ ನಡೆಯುತ್ತದೆ, ತಿರುಗಾಮುರುಗಾ ನಡೆಯುವುದಿಲ್ಲ. ಹಳೇ ಪೇಂಟ್ ಉಜ್ಜುವಾಗ ಮಾಸ್ಕ್ ಇಲ್ಲದೆ ಕೆಲಸಕ್ಕೆ ಇಳಿಸಬೇಡಿ. ಆ ಧೂಳಲ್ಲಿ ಕ್ರೋಮೇಟ್, ಸೀಸ ಎರಡೂ ಇರಬಹುದು.

ಇನ್ನು ಅಂಚು ಮತ್ತು ವೆಲ್ಡಿಂಗ್. ಚೂಪಾದ ಅಂಚಿನಲ್ಲಿ ಹಸಿ ಪೇಂಟ್ ಹಿಂದಕ್ಕೆ ಸರಿದು ಪದರ ತೆಳುವಾಗುತ್ತದೆ, ತುಕ್ಕು ಶುರುವಾಗುವುದು ಯಾವಾಗಲೂ ಅಲ್ಲೇ. ಆಂಗಲ್, ಚಾನೆಲ್ ಅಂಚುಗಳನ್ನು ಗ್ರೈಂಡರಿನಲ್ಲಿ ಸ್ವಲ್ಪ ಗುಂಡಗೆ ಮಾಡಿ. ಪೂರ್ತಿ ಕೋಟ್ ಕೊಡುವ ಮೊದಲು ಅಂಚು, ಬೋಲ್ಟ್ ತಲೆ, ವೆಲ್ಡಿಂಗ್ ಗೆರೆಗಳಿಗೆ ಮಾತ್ರ ಸಣ್ಣ ಬ್ರಷ್ಷಿನಲ್ಲಿ ಒಂದು ಕೈ ಹೊಡೆಯಿರಿ. ಅರ್ಧ ದಿನದ ಕೂಲಿ ಹೆಚ್ಚಾಗಬಹುದು, ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಕಾಲ ನೋಡಿ ಹಚ್ಚಬೇಕು. ಪಲ್ಪಿಂಗ್ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಅಂದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಬೆಳಿಗ್ಗೆ ಮಂಜಿಗೆ ಕಬ್ಬಿಣ ಬೆವರಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಕೈಗೆ ತಂಪು ಹತ್ತಿದರೆ ಕಾಯಿರಿ. ಹತ್ತರ ಮೇಲೆ ಶುರು ಮಾಡಿ ಮೂರರೊಳಗೆ ಮುಗಿಸುವುದು ಕ್ಷೇಮ. ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ. 85 ಮೀರಬಾರದು. ಸಂಜೆ ಹಚ್ಚಿ ರಾತ್ರಿ ಬಯಲಲ್ಲಿ ಬಿಟ್ಟರೆ ಎಪಾಕ್ಸಿ ಮೇಲೆ ಜಿಡ್ಡು ಜಿಡ್ಡಾದ ಬಿಳಿ ಪೊರೆ ಕಟ್ಟುತ್ತದೆ. ಅದರ ಮೇಲೆ ಮುಂದಿನ ಕೋಟ್ ಹಿಡಿಯುವುದಿಲ್ಲ. ಹಾಗಾದಾಗ ಬಿಸಿ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಎಮರಿ ಹಾಕಿ ಮುಂದುವರಿಯಬೇಕು.

ಮಿಶ್ರಣದ ಪ್ರಮಾಣ ಡಬ್ಬಿಯ ಮೇಲಿರುತ್ತದೆ. ಸಾಮಾನ್ಯವಾಗಿ ಬೇಸ್ ಮೂರು ಅಥವಾ ನಾಲ್ಕು ಪಾಲಿಗೆ ಹಾರ್ಡನರ್ ಒಂದು ಪಾಲು. ಅಂದಾಜಿನಲ್ಲಿ ಸುರಿಯಬೇಡಿ, ಅಳತೆ ಡಬ್ಬಿ ಬಳಸಿ. ಹಾರ್ಡನರ್ ಕಡಿಮೆಯಾದರೆ ಎಷ್ಟು ದಿನವಾದರೂ ಪೇಂಟ್ ಉಗುರಿಗೆ ಸಿಗುತ್ತದೆ. ಜಾಸ್ತಿ ಹಾಕಿದರೆ ಬೇಗ ಒಣಗುತ್ತದೆ ಎನ್ನುವುದು ಗ್ಯಾರೇಜಿನ ನಂಬಿಕೆ ಮಾತ್ರ. ಬೇಸನ್ನು ತಳದಿಂದ ಕಲಕಿ, ಎರಡನ್ನೂ ಬೆರೆಸಿ, 15ರಿಂದ 30 ನಿಮಿಷ ಬಿಟ್ಟು ಬಳಸಿ. ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಬಿಸಿಲಿದ್ದರೆ ಇನ್ನೂ ಬೇಗ. ಹಾಗಾಗಿ ಅರ್ಧ ಲೀಟರ್‌ಗಿಂತ ಹೆಚ್ಚು ಒಮ್ಮೆಗೆ ಕಲಸಬೇಡಿ. ಸೀಮೆಎಣ್ಣೆ, ಟರ್ಪೆಂಟೈನ್ ಸೇರಿಸಿದರೆ ಕೆಡುತ್ತದೆ. ಅದೇ ಕಂಪನಿಯ ಎಪಾಕ್ಸಿ ಥಿನ್ನರ್ ಬೇಕು.

ಎಷ್ಟು ಬೇಕಾಗುತ್ತದೆ? ಡಬ್ಬಿಯಲ್ಲಿ ಘನಾಂಶ (ಒಣಗಿದ ಮೇಲೆ ಉಳಿಯುವ ಪಾಲು) ಗಾತ್ರದ ಲೆಕ್ಕದಲ್ಲಿ ಶೇ. 50 ಎಂದಿದ್ದು, ಒಣಗಿದ ಪದರ 50 ಮೈಕ್ರಾನ್ ಬೇಕಿದ್ದರೆ ಲೆಕ್ಕಕ್ಕೆ ಲೀಟರಿಗೆ 10 ಚದರ ಮೀಟರ್. ಬ್ರಷ್ಷಿನಲ್ಲಿ, ಮೂಲೆ ಸಂದಿಗಳಲ್ಲಿ ಪೋಲಾಗುವುದನ್ನು ಕಳೆದರೆ 7 ಸಿಕ್ಕರೆ ಹೆಚ್ಚು. ಜೀಪಿನ ಚಾಸಿ, ನೆಲದ ತಗಡಿನ ಅಡಿ ಸೇರಿ ಸುಮಾರು 8 ಚದರ ಮೀಟರ್ ಎಂದು ಹಿಡಿದರೆ ಎರಡು ಕೋಟ್‌ಗೆ ಎರಡೂವರೆ ಲೀಟರ್ ತನ್ನಿ. ಒಂದು ಲೀಟರಿನಲ್ಲಿ ಮುಗಿಸಿಕೊಡುತ್ತೇನೆ ಎನ್ನುವವರು ಥಿನ್ನರ್ ಹಚ್ಚುತ್ತಾರೆ, ಪೇಂಟ್ ಅಲ್ಲ.

ಜೀಪಿನಲ್ಲಿ ಚಾಸಿಯ ಹೊರಮೈ ಚೆನ್ನಾಗಿ ನಿಂತಿದೆ. ಕೈಕೊಡುವುದು ಒಳಗಿನಿಂದ. ಬಾಕ್ಸ್ ಭಾಗದೊಳಗೆ ಬ್ರಷ್ ಹೋಗುವುದಿಲ್ಲ. ಕೆಸರು ತುಂಬಿ ನೀರು ಹೋಗುವ ತೂತು ಮುಚ್ಚಿದರೆ ಹೊರಗಿನ ಎಪಾಕ್ಸಿ ಏನೂ ಮಾಡಲಾರದು. ಮಳೆಗಾಲಕ್ಕೆ ಮೊದಲು ತಂತಿ ಹಾಕಿ ಆ ತೂತುಗಳನ್ನು ಬಿಡಿಸಿ, ಒಳಗೆ ಪೂರ್ತಿ ಒಣಗಿದ ಮೇಲೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ಹೊಡೆಯುವ ಮೇಣ) ಹೊಡೆಯಿರಿ. ಅಡಿಗೆ ಸ್ಪ್ರೇ ಮಾಡುವಾಗ ಸೈಲೆನ್ಸರ್, ಬ್ರೇಕ್ ಡ್ರಮ್, ಹ್ಯಾಂಡ್‌ಬ್ರೇಕ್ ಕೇಬಲ್, ರಬ್ಬರ್ ಬುಷ್, ಡಿಫರೆನ್ಷಿಯಲ್ ಮೇಲಿನ ಗಾಳಿ ಬಿಡುವ ನಿಪ್ಪಲ್ ಇವನ್ನು ಮರೆಯದೆ ಮುಚ್ಚಿ. ಕಪ್ಪು ಅಂಡರ್‌ಬಾಡಿ ಕೋಟಿಂಗ್ ಚಕ್ರದ ಮೇಲ್ಭಾಗದಲ್ಲಿ ಕಲ್ಲೇಟು ತಡೆಯಲು ಒಳ್ಳೆಯದು, ಅದೂ ಎಪಾಕ್ಸಿ ಮೇಲೆ. ತುಕ್ಕಿನ ಮೇಲೇ ಬಳಿದರೆ ಅದರಡಿ ನೀರು ನಿಂತು, ತಗಡು ತೂತಾಗುವವರೆಗೆ ಏನೂ ಕಾಣುವುದಿಲ್ಲ. ಸುಟ್ಟ ಆಯಿಲ್ ಬಳಿಯುವ ಅಭ್ಯಾಸ ಬಿಟ್ಟರೆ ಬುಷ್‌ಗಳೂ ಉಳಿಯುತ್ತವೆ, ಮುಂದೆ ಪೇಂಟ್ ಹಿಡಿಯುವ ಆಸೆಯೂ ಉಳಿಯುತ್ತದೆ.

ಟ್ರೈಲರಿಗೆ ದೊಡ್ಡ ಶತ್ರು ಮಳೆಗಿಂತ ಗೊಬ್ಬರ, ಅದರಲ್ಲೂ ಪೊಟ್ಯಾಷ್. ಅದು ಕ್ಲೋರೈಡ್ ಲವಣ. ತುಕ್ಕಿನ ಗುಳಿಗಳಲ್ಲಿ ಇಳಿದು ಕೂತರೆ ಗ್ರೈಂಡರಿಗೆ ಸಿಗುವುದಿಲ್ಲ, ಪೇಂಟಿನಡಿ ನೀರೆಳೆದು ಗುಳ್ಳೆ ಏಳಿಸುತ್ತದೆ. ಉಜ್ಜಿದ ಮೇಲೆ ಒಮ್ಮೆ ಸಿಹಿನೀರಿನಲ್ಲಿ ಜೋರಾಗಿ ತೊಳೆದು, ಒಣಗಿಸಿ, ಆಗ ಏಳುವ ತೆಳು ತುಕ್ಕನ್ನು ಮತ್ತೆ ಉಜ್ಜಿಯೇ ಪ್ರೈಮರ್ ಹಚ್ಚಬೇಕು. ಗೊಬ್ಬರ ಸಾಗಿಸಿದ ದಿನವೇ ಟ್ರೈಲರ್ ತೊಳೆಯಿಸಿ. ಹಿಂಬಾಗಿಲ ಕೀಲು ಮತ್ತು ಮೂಟೆ ಎಳೆಯುವ ನೆಲಹಾಸಿನಲ್ಲಿ ಯಾವ ಪೇಂಟೂ ಉಳಿಯುವುದಿಲ್ಲ. ಅದನ್ನು ಒಪ್ಪಿಕೊಂಡು ವರ್ಷಕ್ಕೊಮ್ಮೆ ಟಚ್‌ಅಪ್ ಮಾಡಿ.

ಔಷಧಿ ಪಂಪಿನ ಫ್ರೇಮಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ. ಸುಣ್ಣ ಸಾಕೇ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ, ಕತ್ತಿ ಕೆಂಪಾದರೆ ತಾಮ್ರ ಅಂಟಿದೆ ಎಂದು ಅರ್ಥ. ಫ್ರೇಮಿನಲ್ಲಿ ಪೇಂಟ್ ಕಿತ್ತ ಜಾಗದಲ್ಲೂ ಇದೇ ಆಗುತ್ತದೆ. ಕಬ್ಬಿಣ ಕರಗಿ ತಾಮ್ರ ಕೂರುತ್ತದೆ, ಆ ತಾಮ್ರ ಪಕ್ಕದ ಕಬ್ಬಿಣವನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಇನಾಮೆಲ್ಲಿಗೆ ಒಂದು ಕಡೆ ಮೈಲುತುತ್ತ, ಇನ್ನೊಂದು ಕಡೆ ಸುಣ್ಣ. ಒಂದೇ ಸೀಸನ್ನಿನಲ್ಲಿ ಹಪ್ಪಳದಂತೆ ಏಳುತ್ತದೆ. ಇಲ್ಲಿ ಎರಡು ಕೋಟ್ ಎಪಾಕ್ಸಿ, ಮೇಲೆ ಪಿಯು ಅತ್ಯುತ್ತಮ.

ಪಲ್ಪರಿನಲ್ಲಿ ಹಣ್ಣು, ಬೀಜ ತಾಗುವ ಯಾವ ಭಾಗಕ್ಕೂ ಪೇಂಟ್ ಬೇಡ, ಸ್ಟ್ಯಾಂಡಿಗೆ ಮಾತ್ರ. ಹುಳಿ ನೀರು ಸದಾ ಬೀಳುವ ಕಾಲುಗಳಲ್ಲಿ ಎಪಾಕ್ಸಿಯೂ ಬೇರೆ ಕಡೆಗಿಂತ ಮೊದಲೇ ಮಂಕಾಗುತ್ತದೆ. ಜಿಐ (ಸತು ಲೇಪಿಸಿದ) ಪೈಪಿನ ಗೇಟಿಗೆ ರೆಡ್ ಆಕ್ಸೈಡ್ ಹಚ್ಚಬೇಡಿ, ಸತುವಿನ ಮೇಲೆ ಆಲ್ಕಿಡ್ ನಿಲ್ಲದೆ ಹಾಳೆಹಾಳೆಯಾಗಿ ಬರುತ್ತದೆ. ಸತುವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಬೇಕು. ವೆಲ್ಡಿಂಗ್‌ನಲ್ಲಿ ಸುಟ್ಟ ಜಾಗಕ್ಕೆ ಝಿಂಕ್ ಸ್ಪ್ರೇ ಹೊಡೆಯಬಹುದು, ಅದು ಕೆಲಸ ಮಾಡುವುದು ಹೊಳೆಯುವ ಲೋಹದ ಮೇಲೆ ಮಾತ್ರ. ತುಕ್ಕು ಕಪ್ಪಾಗಿಸುವ ಕನ್ವರ್ಟರ್ ದ್ರಾವಣಕ್ಕೆ ಐದರಲ್ಲಿ ಎರಡು ಅಂಕ. ಗುಳಿಯೊಳಗಿನ ಗಟ್ಟಿ ತುಕ್ಕಿಗೆ ಪರವಾಗಿಲ್ಲ, ಚಿಪ್ಪು ಎದ್ದ ತುಕ್ಕಿಗೆ ದಂಡ.

ಎಪಾಕ್ಸಿಗೆ ಐದರಲ್ಲಿ ನಾಲ್ಕು. ಕಳೆದ ಒಂದು ಅಂಕ ಬಳಸುವ ರಗಳೆಗೆ. ಪಿಯು ಇಲ್ಲದಿದ್ದರೆ ಬಿಸಿಲಿಗೆ ಸುಣ್ಣದ ಪುಡಿಯಂತೆ ಮಂಕಾಗುತ್ತದೆ, ಹಾರ್ಡನರ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಆಗುತ್ತದೆ, ಆದ್ದರಿಂದ ಗ್ಲೌಸ್ ಕಡ್ಡಾಯ. ಪಿಯು ಹಾರ್ಡನರಿನಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಬಟ್ಟೆ ಮಾಸ್ಕ್ ಕಟ್ಟಿ ಸ್ಪ್ರೇ ಮಾಡಿಸಬೇಡಿ, ಬ್ರಷ್ಷಿನಲ್ಲೇ ಹಚ್ಚಿಸಿ. 20 ಲೀಟರ್ ಡ್ರಮ್ ಅಗ್ಗ ಎಂದು ತರಬೇಡಿ. ತೆರೆದಿಟ್ಟ ಪಿಯು ಹಾರ್ಡನರ್ ನಮ್ಮ ಮಳೆಗಾಲದ ತೇವ ಹೀರಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಒಂದು ಲೀಟರ್ ಜೋಡಿ ತಂದು, ಉಳಿದರೆ ಬಾಯಿ ಒರೆಸಿ ಮುಚ್ಚಿ, ಡಬ್ಬಿ ತೆರೆದ ತಿಂಗಳನ್ನು ಮುಚ್ಚಳದ ಮೇಲೆ ಬರೆದಿಡಿ.