ಉಪಗ್ರಹದ ಇಲಿಗಳಿಗೆ ಲಿಥಿಯಂ ಡಬ್ಬಿಯೋ, ಜಿಯೋಲೈಟೋ?
ತಮ್ಮಾ, ಇಸ್ರೋ ನಿಯಂತ್ರಣ ಕೇಂದ್ರ ಇರುವ ಹಾಸನದಲ್ಲೇ ಕೂತು ಉಪಗ್ರಹದಲ್ಲಿ ಇಲಿ ಸಾಕುವ ಪ್ರಾಜೆಕ್ಟ್ ಮಾಡ್ತಿದ್ದೀಯ, ತುಂಬಾ ಖುಷಿಯಾಯಿತು. ಇಲಿಗಳು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರೋಕೆ ಲಿಥಿಯಂ ಹೈಡ್ರಾಕ್ಸೈಡ್ ಎಂಬ ರಾಸಾಯನಿಕದ ಡಬ್ಬಿ ಇಡಲೋ, ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜ ಇಡಲೋ ಅಂತ ಕೇಳಿದ್ದೀಯ.

ಮೊದಲು ತೂಕ ನೋಡು. ಪುಟ್ಟ ಇಲಿಯೊಂದು ದಿನಕ್ಕೆ ಹೆಚ್ಚುಕಮ್ಮಿ 3 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅಂದರೆ 10 ಇಲಿಗೆ 30 ದಿನಕ್ಕೆ 900 ಗ್ರಾಂ, ಅದಕ್ಕೆ ಲಿಥಿಯಂ ಹೈಡ್ರಾಕ್ಸೈಡ್ ಕನಿಷ್ಠ 1 ಕಿಲೋ ಬೇಕು, ಸ್ವಲ್ಪ ಜಾಸ್ತಿಯೇ ಇಟ್ಟುಕೋ. ಫ್ಯಾನ್ ಇದ್ದರೆ ಆಯಿತು. ಆದರೆ ಒಮ್ಮೆ ಬಳಸಿದರೆ ಮುಗೀತು. ಅದರ ಪುಡಿ ಕಣ್ಣು, ಮೂಗು ಸುಡುತ್ತದೆ, ಫಿಲ್ಟರ್ ಮರೀಬೇಡ.

ಜಿಯೋಲೈಟನ್ನು ಕಾಯಿಸಿ ಮತ್ತೆ ಮತ್ತೆ ಬಳಸಬಹುದು. ಕರೆಂಟು ಬೇಕು, ವಾಲ್ವು ಬೇಕು, ಗಾಳಿಯ ತೇವ ಮೊದಲೇ ತೆಗೀಬೇಕು. ಉಪಗ್ರಹವನ್ನು ತಿರುಗಿಸಿ ಮಂಗಳ ಗ್ರಹದಷ್ಟು ಗುರುತ್ವ (0.38 ಜಿ, ಅಂದರೆ ಭೂಮಿಯ 0.38 ಪಟ್ಟು) ಕೊಟ್ಟರೆ ಹಿಕ್ಕೆ, ಉಚ್ಚೆ ಕೆಳಗೇನೋ ಬೀಳುತ್ತವೆ, ತೇವ ಮಾತ್ರ ಹೋಗಲ್ಲ ಅಲ್ವಾ?

ಒಂದು ತಿಂಗಳಿಗೆ ಲಿಥಿಯಂ, ಆರು ತಿಂಗಳಿಗೆ ಜಿಯೋಲೈಟ್. ಜಿಯೋಲೈಟ್ ಆರಿಸಿದರೂ ಒಂದು ಚಿಕ್ಕ ಲಿಥಿಯಂ ಡಬ್ಬಿ ಜೊತೆಗಿರಲಿ, ವಾಲ್ವು ಕೈಕೊಟ್ಟರೆ ಆ ಮೂಕಜೀವಗಳಿಗೆ ಬೇರೆ ದಾರಿಯಿಲ್ಲ.